ಬ್ರೇಕ್ ಲಿವರ್ ಕಲ್ಲಿನಂತೆ ಗಟ್ಟಿ, ಸೈಕಲ್ ಮಾತ್ರ ನಿಲ್ಲಲ್ಲ

ಹಳೇಚೈನು: 1970ರ ದಶಕದ ಹತ್ತು ಗೇರಿನ ಸೈಕಲ್, ವೈನ್‌ಮನ್ ಕಂಪನಿಯ ಸೆಂಟರ್-ಪುಲ್ (ವೈರ್ ನಡುವಿನಿಂದ ಎರಡೂ ತೋಳನ್ನು ಎಳೆಯುವ) ಬ್ರೇಕ್. ಬೆನ್ನು ನೋವು ಅಂತ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ತೆಗೆಸಿ ನೇರ ಹ್ಯಾಂಡಲ್ ಹಾಕಿಸಿದೆ. ಅಂಗಡಿಯವರು ಕೊಟ್ಟ ಹೊಸ ಲಿವರ್ ಸ್ವಲ್ಪ ಒತ್ತಿದರೆ ಸಾಕು, ಕಲ್ಲಿನಂತೆ ನಿಂತುಬಿಡುತ್ತದೆ. ಸೈಕಲ್ ನಿಲ್ಲಲ್ಲ. ವೈರ್, ರಬ್ಬರ್ ಎರಡೂ ಹೊಸದು.

ಸ್ಪೋಕುರಾಯ: ಅದು ವಿ-ಬ್ರೇಕ್ (ಚಕ್ರದ ಎರಡು ಬದಿಗೂ ಉದ್ದ ತೋಳು ನಿಂತಿರುವ ಬ್ರೇಕ್) ಲಿವರ್ ಇರಬೇಕು. ಶಿಮಾನೊ ಕಂಪನಿ 1996ರಲ್ಲಿ ವಿ-ಬ್ರೇಕ್ ತಂದ ಮೇಲೆ ನೇರ ಹ್ಯಾಂಡಲ್ಲಿನ ಲಿವರ್ ಅಂದರೆ ಹೆಚ್ಚಾಗಿ ಅದೇ ಸಿಗುತ್ತದೆ. ವಿ-ಬ್ರೇಕಿನ ತೋಳು ಉದ್ದ, ಹಾಗಾಗಿ ಅದರ ಲಿವರ್ ಹಳೆ ಲಿವರಿಗಿಂತ ಸುಮಾರು ಎರಡರಷ್ಟು ವೈರ್ ಎಳೆಯುತ್ತದೆ. ವೈರ್ ಜಾಸ್ತಿ ಬಂದಷ್ಟೂ ಬಲ ಕಡಿಮೆ. ಕೈಗೆ ಗಟ್ಟಿ ಅನ್ನಿಸಿದರೆ ಬ್ರೇಕ್ ಚೆನ್ನಾಗಿದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಉಲ್ಟಾ. ಸರಿಯಾದ ಜೋಡಿಯಲ್ಲಿ ಲಿವರ್ ಸ್ವಲ್ಪ ಮೆತ್ತಗೇ ಇರುತ್ತದೆ.

ಲಿವರ್ ತಿರುಗುವ ಪಿನ್ನಿನ ನಡುವಿನಿಂದ ವೈರಿನ ಗುಂಡು ಕೂರುವ ಜಾಗದ ನಡುವಿಗೆ ಸ್ಕೇಲ್ ಇಟ್ಟು ನೋಡಿ. 30 ಮಿ.ಮೀ. ದಾಟಿದ್ದರೆ ಅನುಮಾನವೇ ಬೇಡ.

ಪೆಡಲ್‌ಪುಟ್ಟ: ಟ್ರಾವೆಲ್ ಏಜೆಂಟ್ ಅಂತ ವೈರಿನ ಎಳೆತ ಬದಲಿಸುವ ಒಂದು ಪುಲ್ಲಿ ಬರುತ್ತದಲ್ಲ, ಅದನ್ನು ಹಾಕಿದರೆ?

ಸ್ಪೋಕುರಾಯ: ಅದು ಡ್ರಾಪ್ ಹ್ಯಾಂಡಲ್ ಲಿವರಿಗೆ ವಿ-ಬ್ರೇಕ್ ಜೋಡಿಸೋಕೆ. ಇವರಿಗೆ ಬೇಕಾದದ್ದು ಅದರ ವಿರುದ್ಧ. ಸುಮ್ನೆ ದುಡ್ಡು ದಂಡ.

ಹಳೇಚೈನು: ಅಳೆದೆ, 33 ಇದೆ. ಹಾಗಾದರೆ ಹಳೆ ಡ್ರಾಪ್ ಲಿವರನ್ನೇ ನೇರ ಹ್ಯಾಂಡಲ್ಲಿಗೆ ಹಾಕಲಾ?

ಸ್ಪೋಕುರಾಯ: ಎಳೆತ ಸರಿಹೋಗುತ್ತದೆ, ಹಿಡಿತ ಸಿಗಲ್ಲ. ನೇರ ಹ್ಯಾಂಡಲ್ 22.2 ಮಿ.ಮೀ. ದಪ್ಪ, ಡ್ರಾಪ್ ಸಾಮಾನ್ಯವಾಗಿ 23.8. ಕ್ಲಾಂಪ್ ಸಡಿಲವಾಗಿ ಕೂರುತ್ತದೆ. ಕ್ಯಾಲಿಪರ್ (ನಿಮ್ಮದರಂತೆ ರಿಮ್ಮನ್ನು ಇಕ್ಕುಳದ ಹಾಗೆ ಹಿಡಿಯುವ) ಅಥವಾ ಕ್ಯಾಂಟಿಲಿವರ್ (ಗಿಡ್ಡ ತೋಳಿನ) ಬ್ರೇಕಿನದ್ದು ಅಂತ ಕೇಳಿ ಕೊಳ್ಳಿ. ಶಿಮಾನೊದ ಕೆಲವು ಲಿವರ್‌ಗಳಲ್ಲಿ ವಿ-ಬ್ರೇಕಿಗೂ ಇವಕ್ಕೂ ಬದಲಾಯಿಸುವ ಸೌಲಭ್ಯವೇ ಇದೆ. ವೈರಿನ ತುದಿಯನ್ನೂ ನೋಡಿ: ನೇರ ಹ್ಯಾಂಡಲ್ ಲಿವರಿಗೆ ಉರುಳೆಯಂಥ ಗುಂಡು, ಡ್ರಾಪ್ ಲಿವರಿಗೆ ಪೇರ್ ಹಣ್ಣಿನ ಆಕಾರದ್ದು. ಗುಂಡನ್ನು ಅರದಿಂದ ಉಜ್ಜಿ ತೂರಿಸುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ. ಇನ್ನೊಂದು, ರಿಮ್ ಕ್ರೋಮ್ ಸ್ಟೀಲಿನದಾದರೆ ಮಳೆಯಲ್ಲಿ ಯಾವ ಲಿವರ್ ಹಾಕಿದರೂ ಜಾರುತ್ತದೆ.

ಪೆಡಲ್‌ಪುಟ್ಟ: ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ತಾತನ ರಾಡ್ ಬ್ರೇಕ್ ಸೈಕಲ್ಲಿಗೂ ವೈರ್ ಲಿವರ್ ಹಾಕಬಹುದಾ?

ಸ್ಪೋಕುರಾಯ: ಲಿವರ್ ಒಂದನ್ನೇ ಬದಲಿಸಿದರೆ ಆಗಲ್ಲ. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಗೆ, ಕಡ್ಡಿಗಳ ಕಡೆಯಿಂದ ಒತ್ತುತ್ತದೆ. ಅದಕ್ಕಿರುವ ವೆಸ್ಟ್‌ವುಡ್ ಎಂಬ ಬಗೆಯ ರಿಮ್ಮಿನ ಪಕ್ಕ ದುಂಡಗಿರುತ್ತದೆ, ಕ್ಯಾಲಿಪರಿಗೆ ಹಿಡಿಯೋಕೆ ಜಾಗವೇ ಇಲ್ಲ. ರಿಮ್ಮನ್ನೂ ಬದಲಿಸಬೇಕಾಗುತ್ತದೆ. ನನ್ನ ಮಾತು ಕೇಳಿದರೆ ರಬ್ಬರ್ ಹೊಸದು ಹಾಕಿ, ರಾಡಿನ ಕೀಲುಗಳಿಗೆ ಎಣ್ಣೆ ಬಿಟ್ಟು ಹಾಗೇ ಓಡಿಸಿ.