ಟಾಟಾ 1613 ಲಾರಿ ಎಂಜಿನ್: ಫುಲ್ ಕೆಲಸ ಮಾಡಿಸೋದಾ, ಬೇರೆ ಎಂಜಿನ್ ಕೂರಿಸೋದಾ?

ರಾಣೆಬೆನ್ನೂರು, ಕೇಳಿದವರು:
ನಮ್ಮದು 2012ರ ಟಾಟಾ 1613, 697 ಎಂಜಿನ್, ಬಿಎಸ್3 (ಹೊಗೆ ಮಾನದಂಡ). ಸೀಸನ್‌ನಲ್ಲಿ ನಾಮಕ್ಕಲ್ ಕೋಳಿ ಫಾರಂಗಳಿಗೆ ಮೆಕ್ಕೆಜೋಳ, ಉಳಿದ ತಿಂಗಳು ಸಿಕ್ಕಿದ ಲೋಡು. ಮೀಟರ್ ಕೆಟ್ಟು ಮೂರು ವರ್ಷ ಆಯ್ತು, ಎಂಟು ಲಕ್ಷ ಕಿ.ಮೀ. ದಾಟಿರಬೇಕು. ಈಗ ಒಂದು ಟ್ರಿಪ್‌ಗೆ ಮೂರು ಲೀಟರ್ ಆಯಿಲ್ ಹಾಕಬೇಕು. ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡೋ ಪೈಪು) ಹೊಗೆ. ವಾಪಸ್ ಬರುವಾಗ ತೊಪ್ಪೂರು ಘಾಟ್‌ನಲ್ಲಿ ಎಳೆಯೋದೇ ಇಲ್ಲ. ಒಬ್ಬ ಮೇಸ್ತ್ರಿ ಎಂಜಿನ್ ಇಳಿಸಿ ಫುಲ್ ಕೆಲಸ, ಅಂದರೆ ಎಲ್ಲ ಬಿಚ್ಚಿ ಸವೆದದ್ದನ್ನೆಲ್ಲ ಬದಲಿಸೋದು, ಮಾಡೋಣ ಅಂತಾರೆ. ಇನ್ನೊಬ್ಬರು ಗುಜರಿಯಿಂದ ರನ್ನಿಂಗ್ ಎಂಜಿನ್ ತಂದು ಕೂರಿಸೋಣ, ಮೂರು ದಿನಕ್ಕೆ ಗಾಡಿ ರೋಡಿಗೆ ಅಂತಾರೆ. ಮಾಡಿಸಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ, ಸ್ವಂತ ಗಾಡಿ:
ಅಣ್ಣಾರ, ಎಂಜಿನ್ನಿಗೆ ಕೈ ಹಚ್ಚೂಕಿಂತ ಮೊದಲ ಬ್ರೇಕಿನ ಏರ್ ಟ್ಯಾಂಕಿನ ಡ್ರೇನ್ ಕಾಕ್ (ತಳದಾಗ ನೀರು ಬಿಡೂ ನಲ್ಲಿ) ಬಿಚ್ಚಿ ನೋಡ್ರಿ. ನೀರಿನ ಜೋಡಿ ಕರಿ ಎಣ್ಣಿ ಬಂತಂದ್ರ ಬ್ರೇಕಿಗೆ ಗಾಳಿ ತುಂಬೂ ಕಂಪ್ರೆಸರ್ ಸವದೈತಿ ಅಂತ ತಿಳ್ಕೋರಿ. ಅದೂ ಕುಡಿಯೂದು ಎಂಜಿನ್ ಆಯಿಲ್ಲೇ. ಅದರ ರಿಂಗ್ ಹೋದ್ರ ಗಾಳಿ ಚೇಂಬರಿಗೆ (ಎಂಜಿನ್ ತಳದ ಆಯಿಲ್ ಬಾನಿ) ನುಗ್ಗಿ ಬ್ರೀದರ್‌ನ್ಯಾಗೂ ಜೋರ ಬರತೈತಿ. ನಂದು ಹಿಂಗ ಆದಾಗ ಮೇಸ್ತ್ರಿ ಎಂಜಿನ್ ಬೋರಿಗೆ ಬಂದೈತಿ, ಸಿಲಿಂಡರ್ ಸವದೈತಿ ಅಂದಿದ್ದ. ಕಂಪ್ರೆಸರ್ ಕೆಲಸದಾಗ ಮುಗೀತು. ಎಂಜಿನ್ನಿಗೆ ಗಾಳಿ ಒತ್ತಿ ಕಳಸೂ ಟರ್ಬೋದಿಂದ, ಆ ಗಾಳಿ ತಂಪು ಮಾಡೂ ಇಂಟರ್‌ಕೂಲರಿಗೆ ಹೋಗೂ ಪೈಪೂ ಬಿಚ್ರಿ. ಅದರಾಗ ಎಣ್ಣಿ ನಿಂತಿದ್ರ ಟರ್ಬೋ ಸೀಲಿನ ಕಡೆ ನೋಡ್ರಿ. ಎರಡೂ ಚೊಲೊ ಅದಾವ ಅಂದ್ರ ಆಮ್ಯಾಲೆ ಎಂಜಿನ್ ಮಾತು.

ಶಿರಾ, ಲೇತ್ ಕೆಲಸ:
ಮೇಲಿನವರು ಹೇಳಿದ್ದನ್ನ ಮೊದಲು ಮಾಡಿ. ಆಮೇಲೆ ನನ್ನ ಮಾತು. ಬ್ಲಾಕು (ಸಿಲಿಂಡರ್‌ಗಳಿರೋ ಎಂಜಿನ್ನಿನ ಮೈ), ಕ್ರ್ಯಾಂಕು (ಪಿಸ್ಟನ್‌ಗಳಿಂದ ತಿರುಗೋ ದಂಡ) ಎರಡೂ ದಿನಾ ನನ್ನ ಟೇಬಲ್ ಮೇಲೆ ಬರುತ್ತವೆ, ಅದರ ಮೇಲೆ ಹೇಳ್ತಿದ್ದೀನಿ.

ಹೆಡ್ ಇಳಿಸದೆ, ಚೇಂಬರ್ ಬಿಚ್ಚದೆ ಇಬ್ಬರು ಮೇಸ್ತ್ರಿಗಳಲ್ಲಿ ಯಾರು ಸರಿ ಅಂತ ಹೇಳೋಕಾಗಲ್ಲ. ಎಲ್ಲರೂ ಬೋರ್ ಸವೆದಿದೆ ಅಂತ ಹೆದರ್ತಾರೆ. 697ರಲ್ಲಿ ಬೋರ್ ದೊಡ್ಡ ವಿಷಯವೇ ಅಲ್ಲ. ಆರು ಸಿಲಿಂಡರ್, 97 ಮಿ.ಮೀ. ಬೋರ್, ಅದಕ್ಕೇ 697. ಮೂಲ ಬೆಂಜ್ ಎಂಜಿನ್, ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಪಿಸ್ಟನ್ ಸೆಟ್ ಯಾವ ಊರಲ್ಲಿ ಕೇಳಿದರೂ ಸಿಗುತ್ತೆ. ಹಳೇ ಲೈನರ್ ತೆಗೆದು ಹೊಸದು ಪ್ರೆಸ್ ಮಾಡಿದರೆ ಮತ್ತೆ 97. ನೋಡಬೇಕಾದ್ದು ಕ್ರ್ಯಾಂಕು. ಅದು ಈವರೆಗೆ ಎಷ್ಟು ಸಲ ಗ್ರೈಂಡಿಂಗ್ ಆಗಿದೆ? ಪ್ರತಿ ಸಲ ಕಾಲು ಮಿ.ಮೀ. ಕಡಿಮೆ ಮಾಡಿ ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕ್ತೀವಿ. ಹಳೇ ಬೇರಿಂಗ್ ಬಿಚ್ಚಿ ಬೆನ್ನು ತಿರುಗಿಸಿದರೆ ಸೈಜ್ ಅಲ್ಲೇ ಪಂಚ್ ಆಗಿರುತ್ತೆ. ಸ್ಟ್ಯಾಂಡರ್ಡ್ ಅಥವಾ 0.25 ಇದ್ದರೆ ಕಣ್ಣು ಮುಚ್ಚಿ ಫುಲ್ ಕೆಲಸ ಮಾಡಿಸಿ. ಕೊನೇ ಸೈಜ್‌ಗೆ ಬಂದು ನಿಂತಿದ್ದರೆ ಹೊಸ ಕ್ರ್ಯಾಂಕ್ ಬೇಕು, ಲೆಕ್ಕವೇ ಬೇರೆ. ಬೇರಿಂಗ್ ತಿರುಗಿ ಬ್ಲಾಕಿನ ಮೇನ್ ಹೋಲ್ ತಿಂದಿದ್ದರೆ, ಅಥವಾ ಬ್ಲಾಕ್ ಕ್ರ್ಯಾಕ್ ಬಿಟ್ಟಿದ್ದರೆ, ಬೇರೆ ಎಂಜಿನ್ ಹುಡುಕಿ. ಅದರ ಮೇಲೆ ದುಡ್ಡು ಸುರೀಬೇಡಿ.

ಇನ್ನೊಂದು. ಹೆಡ್ ಇಳಿದ ಮೇಲೆ ಲೈನರ್ ಮೇಲಂಚಿನಿಂದ ಉಗುರು ಕೆಳಕ್ಕೆ ಎಳೀರಿ. ಸ್ವಲ್ಪ ಕೆಳಗೆ ಮೆಟ್ಟಿಲು ಇಳಿದ ಹಾಗೆ ಉಗುರು ಜಾರಿದರೆ ಟಾಪ್ ರಿಂಗ್ ಅಲ್ಲಿ ಸವೆಸಿದೆ. ಒಂದೇ ಸಿಲಿಂಡರ್‌ನಲ್ಲಿ ಹೀಗಿದ್ದರೆ ಡೀಸೆಲ್ ಸಿಂಪಡಿಸೋ ಆ ನಾಜಲ್ ಸೋರಿ ಡೀಸೆಲ್ಲು ಗೋಡೆಯ ಎಣ್ಣೆ ತೊಳೆದಿರಬಹುದು. ಆರರಲ್ಲೂ ಒಂದೇ ಸಮ ಇದ್ದರೆ ಮಣ್ಣು. ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗೋ ರಬ್ಬರ್ ಹೋಸ್ ಒಳಗೆ ಬಿಳಿ ಬಟ್ಟೆ ಒರೆಸಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಹೋಸ್ ಎಲ್ಲೋ ಸೀಳಿರಬಹುದು. ಹೋದ ವರ್ಷ ಒಬ್ಬರು ಲೈನರ್ ಸೆಟ್ ಹಾಕಿಸಿ ಐದೇ ತಿಂಗಳಿಗೆ ವಾಪಸ್ ಬಂದು ನನ್ನ ಮೇಲೇ ರೇಗಿದರು. ಹೋಸ್ ಕೆಳಗಡೆ, ಕ್ಲಾಂಪ್ ಹತ್ತಿರ, ಬೆರಳು ತೂರುವಷ್ಟು ಸೀಳು! ಬರೀ ಅರವತ್ತು ಎಪ್ಪತ್ತು ರೂಪಾಯಿ ಕ್ಲಾಂಪ್ ಬಿಗಿದು ಎಳೆದು ಎಳೆದು ಆದದ್ದು.

ಹಾಫ್ ಎಂಜಿನ್ ಅಂತ ರಿಂಗು, ಬೇರಿಂಗು ಮಾತ್ರ ಬದಲಿಸೋಣ ಅಂದರೆ ಒಪ್ಪಬೇಡಿ. ಸವೆದ ಲೈನರ್‌ಗೆ ಹೊಸ ರಿಂಗ್ ಕೂರಲ್ಲ. ಗಾಡಿ ಮಾರೋರು ಮಾಡಿಸೋ ಕೆಲಸ ಅದು.

ತುಮಕೂರು ಕಡೆ, ಎರಡು ಗಾಡಿ:
ಬೇರೆ ಎಂಜಿನ್ ಕೂರಿಸಿದವನು ನಾನು, ಆ ಪಾಡೂ ಕೇಳಿ. ಗುಜರಿಯಲ್ಲಿ ನೆಲದ ಮೇಲಿಟ್ಟೇ ಸ್ಟಾರ್ಟ್ ಮಾಡಿ ತೋರಿಸಿದರು, ಹೊಗೆ ಇಲ್ಲ, ಶಬ್ದ ಇಲ್ಲ, ಖುಷಿಯಾಗಿ ದುಡ್ಡು ಎಣಿಸಿದೆ. ತಣ್ಣಗಿದ್ದ ದಪ್ಪ ಆಯಿಲ್‌ನಲ್ಲಿ ಯಾವ ಎಂಜಿನ್ನೂ ಪ್ರೆಶರ್ ತೋರಿಸುತ್ತೆ ಸ್ವಾಮಿ. ಲೋಡ್ ಹಾಕಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟು ಮಿಣಮಿಣ. ಚೇಂಬರ್ ಬಿಚ್ಚಿದರೆ ಬೇರಿಂಗ್ ಮೇಲಿನ ಪದರ ಸವೆದು ತಾಮ್ರದ ಬಣ್ಣ ಕಾಣ್ತಿತ್ತು. ಕೊನೆಗೆ ಅದಕ್ಕೂ ಫುಲ್ ಕೆಲಸ. ಎರಡೆರಡು ಖರ್ಚು, ಮೂರು ದಿನ ಅಂದಿದ್ದು ಎಲ್ಲ ಸೇರಿ ತಿಂಗಳು.

ಅದಕ್ಕಿಂತ ದೊಡ್ಡ ತಲೆನೋವು ಎಫ್‌ಸಿಯಲ್ಲಿ (ಫಿಟ್‌ನೆಸ್ ಸರ್ಟಿಫಿಕೇಟ್). ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆಯಾಗಲಿಲ್ಲ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ತಿದ್ದಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ. ನನ್ನ ಹತ್ತಿರ ಗುಜರಿಯ ಚೀಟಿ ಬಿಟ್ಟು ಏನೂ ಇರಲಿಲ್ಲ. ತಪ್ಪು ನಂದೇ. ತಗೊಳ್ಳೋದೇ ಆದರೆ ಎಂಜಿನ್ ನಂಬರ್ ಬರೆದ ಬಿಲ್ಲು, ಆ ಎಂಜಿನ್ ಇದ್ದ ಗಾಡಿಯ ಕಾಗದ ಕೈಗೆ ಬಂದ ಮೇಲೇ ದುಡ್ಡು ಕೊಡಿ. ನಂಬರ್ ಪಂಚ್ ಜಾಗ ಉಜ್ಜಿದ ಹಾಗೆ ಕಂಡರೆ ಮುಟ್ಟಲೇಬೇಡಿ, ಕದ್ದ ಗಾಡಿಯದ್ದಿರಬಹುದು. ಟಾಟಾದವರದ್ದೇ ಪ್ರೊಲೈಫ್ ಅಂತ ಇದೆ, ಹಳೇದು ಕೊಟ್ಟು ಕಂಪನಿ ರೀಕಂಡೀಷನ್ ಮಾಡಿದ್ದು ತಗೊಳ್ಳೋದು. ವಿಚಾರಿಸಿ, ಬಿಲ್ಲು ವಾರಂಟಿಯಾದರೂ ಇರುತ್ತೆ.

ದಾವಣಗೆರೆ:
ಗಾಡಿಗೆ 2027ಕ್ಕೆ 15 ವರ್ಷ. ಈಗಲೇ ವರ್ಷವರ್ಷ ಎಫ್‌ಸಿ, ಆಮೇಲೆ ಫೀಸೂ ಜಾಸ್ತಿ. ಚಾಸಿ, ಹೌಸಿಂಗ್ (ಹಿಂದಿನ ಆಕ್ಸಲ್ ಕವಚ), ಬಾಡಿ ಹೇಗಿವೆ ಅಂತ ಬರೆದೇ ಇಲ್ಲವಲ್ಲ? ಚಾಸಿಗೆ ವೆಲ್ಡಿಂಗ್ ಬಿದ್ದಿದ್ದರೆ ನಾನಾಗಿದ್ದರೆ ಎಂಜಿನ್ ಕೆಲಸಕ್ಕೇ ಹೋಗ್ತಿರಲಿಲ್ಲ. ಕಡಿಮೆ ರೇಟಿಗೆ ಬಿಎಸ್4 ಎಂಜಿನ್ ಕೊಡ್ತೀವಿ ಅಂದರೂ ಬೇಡ, ವೈರಿಂಗು, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಅಂತ ಹೊಸ ರಾಮಾಯಣ.

ರಾಣೆಬೆನ್ನೂರು, ಕೇಳಿದವರು, ಮೂರು ವಾರದ ನಂತರ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಡ್ರೇನ್ ಕಾಕ್ ಬಿಚ್ಚಿದರೆ ಅರ್ಧ ಚೊಂಬು ಕರೀ ಎಣ್ಣೆ ಬಂತು. ಕಂಪ್ರೆಸರ್ ಹೋಗಿತ್ತು. ಅದನ್ನ ಸರಿ ಮಾಡಿಸಿದ ಮೇಲೆ ಟ್ರಿಪ್‌ಗೆ ಮೂರು ಲೀಟರ್ ಹೋಗಿ ಒಂದೂವರೆಗೆ ನಿಂತಿತು, ಬ್ರೀದರ್ ಹೊಗೆ ಮಾತ್ರ ಹಾಗೇ ಇತ್ತು. ಹೆಡ್ ಇಳಿಸಿದೆವು. ಆರರಲ್ಲೂ ಮೆಟ್ಟಿಲು. ಹೋಸ್ ಒರೆಸಿದ ಬಟ್ಟೆ ಕೆಂಪು. ಬೇರಿಂಗ್ ಬೆನ್ನಿನ ಮೇಲೆ 0.25 ಇತ್ತು, ಚಾಸಿ ಗಟ್ಟಿ ಇದೆ, ಹಾಗಾಗಿ ಫುಲ್ ಕೆಲಸ ಮಾಡಿಸಿದೆ. ಕ್ರ್ಯಾಂಕ್ 0.50ಗೆ ಗ್ರೈಂಡಿಂಗ್, ಲೈನರ್ ಸೆಟ್, ಆಯಿಲ್ ಪಂಪ್, ಹೆಡ್ ಕೆಲಸ, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್, ಹೊಸ ಹೋಸು, ಎಲ್ಲ ಸೇರಿ 1,42,000. ಹದಿಮೂರು ದಿನ ಗಾಡಿ ನಿಂತಿತ್ತು. ಈಗ ಅರ್ಧ ಲೋಡ್ ಹಾಕಿ ಹರಿಹರ, ಹಾವೇರಿ ಅಂತ ಹತ್ತಿರದ್ದೇ ಓಡಿಸ್ತಿದ್ದೀನಿ. ಡ್ರೈವರ್‌ಗೆ ಬೆಳಿಗ್ಗೆ ಗಂಟೆಗಟ್ಟಲೆ ಐಡ್ಲಿಂಗ್ ಬಿಡಬೇಡಪ್ಪ, ಹೊಸ ಲೈನರ್ ಗ್ಲೇಜ್ ಆಗುತ್ತೆ, ನುಣುಪಾಗಿ ರಿಂಗ್ ಕೂರಲ್ಲ ಅಂದರೆ, "ಬಿಸಿಯಾಗಲಿ ಬಿಡಿ ಧಣಿ" ಅಂತಾನೆ. ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸಬೇಕು, ಮೀಟರ್ ಇಲ್ಲ. ನಾಳೆ ಅದನ್ನೇ ಮೊದಲು ರಿಪೇರಿಗೆ ಕೊಡ್ತಿದ್ದೀನಿ.