ಪದಚರ್ಚೆ: ‘ಶೋಜಿ’ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರದೊಳಗೆ ಬೇಕು

ಟೋಕಿಯೊದಿಂದ:

ಎಲ್ಲರಿಗೂ ನಮಸ್ಕಾರ. ಶೋಜಿ ಅಂದರೆ ಜಪಾನಿ ಮನೆಯ ಕಾಗದದ ಸರಿಸುವ ಬಾಗಿಲು. ಅದಕ್ಕೆ ಹೊಸ ಕಾಗದ ಹಾಕುವ ಬಗ್ಗೆ ಕೈಪಿಡಿ ಬರೆಯುತ್ತಿದ್ದೇನೆ, ಕೆಲವು ಪದಗಳು ಬೇಕಿವೆ. ಶುಕ್ರವಾರ ಅಚ್ಚಿಗೆ ಹೋಗಬೇಕು, ಹಾಗಾಗಿ ಸ್ವಲ್ಪ ಅವಸರ.

ನಾನಿರುವುದು ನಿಶಿ ಕಸಾಯಿಯಲ್ಲಿ. ಇಲ್ಲಿ ಭಾರತದವರು ಜಾಸ್ತಿ, ಕನ್ನಡದ ಮನೆಗಳೂ ಇವೆ. ಹಳೆಯ ಬಾಡಿಗೆ ಮನೆಯಾದರೆ ತತಮಿ ಚಾಪೆ ಹಾಸಿದ ಕೋಣೆ ಒಂದಾದರೂ ಸಿಗುತ್ತದೆ. ಅದರ ಕಿಟಕಿ ಕಡೆಗೆ ಶೋಜಿ ಇರುತ್ತದೆ. ಮರದ ಚೌಕಟ್ಟು, ಒಳಗೆ ತೆಳ್ಳನೆಯ ಪಟ್ಟಿಗಳ ಚೌಕಳಿ, ಅದರ ಹೊರಬದಿಗೆ ಅಂಟಿಸಿದ ಬಿಳಿ ಕಾಗದ. ಪಕ್ಕಕ್ಕೆ ಸರಿಸಿ ತೆರೆಯುವುದು. ಬೆಳಕು ಒಳಗೆ ಬರುತ್ತದೆ, ಆಚೆಯವರಿಗೆ ನಾವು ಕಾಣುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ತೂತು ಬೀಳುವುದು ಗ್ಯಾರಂಟಿ. ಬಿಸಿಲಿಗೆ ಹಳದಿಯೂ ಆಗುತ್ತದೆ.

ಆಗ ಕಾಗದ ಬದಲಿಸಬೇಕು. ಕೆಲಸದವರಿಂದ ಮಾಡಿಸಿದರೆ ದುಬಾರಿ. ಮನೆಯಲ್ಲೇ ಮಾಡಿಕೊಂಡರೆ ಖರ್ಚು ತೀರಾ ಕಡಿಮೆ. ಕಾಗದ, ಅಂಟು, ಬ್ರಶ್ಶು ಎಲ್ಲವೂ 100 ಯೆನ್ ಅಂಗಡಿಯಲ್ಲೇ ಸಿಗುತ್ತವೆ. ಸ್ಪಂಜು, ಬಕೆಟ್ಟು, ಹಳೇ ಟವೆಲ್ಲು ಮನೆಯಲ್ಲಿ ಇದ್ದೇ ಇರುತ್ತವೆ. ಇಲ್ಲಿ ವರ್ಷದ ಕೊನೆಗೆ ಎಲ್ಲರೂ ಮನೆ ಗುಡಿಸಿ ತೊಳೆದು ಮಾಡುತ್ತಾರೆ, ಶೋಜಿಯ ಕಾಗದವನ್ನೂ ಆಗಲೇ ಬದಲಿಸುವ ರೂಢಿ. ಅಷ್ಟರೊಳಗೆ ನಮ್ಮವರಿಗೆ ಎರಡು ಪುಟದ ಕನ್ನಡ ಕೈಪಿಡಿ ಹಂಚಬೇಕು ಅಂತಿದ್ದೇನೆ.

ಮೊದಲನೆಯದು ಶೋಜಿಗೇ ಏನನ್ನುವುದು? ‘ಕಾಗದದ ಬಾಗಿಲು’ ಎಂದು ಬರೆದು ನೋಡಿದೆ. ತೊಂದರೆ ಏನೆಂದರೆ, ಅದೇ ಕೋಣೆಯಲ್ಲಿ ಫುಸುಮ ಎನ್ನುವ ಇನ್ನೊಂದು ಬಾಗಿಲಿರುತ್ತದೆ. ಅದಕ್ಕೂ ಕಾಗದವೇ, ಆದರೆ ಎರಡೂ ಬದಿಗೆ, ದಪ್ಪ, ಬೆಳಕು ಬಿಡುವುದಿಲ್ಲ. ಯಾರಾದರೂ ಫುಸುಮಕ್ಕೆ ನೀರು ಹಚ್ಚಿ ಕೂತರೆ ಬಾಗಿಲೇ ಹಾಳು. ಎರಡನೆಯದು, ಒಳಗಿನ ಆ ಪಟ್ಟಿಗಳು. ಜಪಾನಿಯಲ್ಲಿ ಕುಮಿಕೊ. ಮೂರನೆಯದು ‘ನೊರಿ’, ಅಂದರೆ ನೀರಿಗೆ ಬಿಡುವ ಗಂಜಿಯಂಥ ಅಂಟು. ಕೊನೆಯದು, ಹಳೆಯದನ್ನು ತೆಗೆದು ಹೊಸ ಕಾಗದ ಬಿಗಿಯುವ ಇಡೀ ಕೆಲಸಕ್ಕೆ ಒಂದು ಕ್ರಿಯಾಪದ. ದಯವಿಟ್ಟು ಹೇಳಿ.

ಧಾರವಾಡದಿಂದ:

ಟೋಕಿಯೊದ ತಂಗಿಗೆ. ಹೊಸ ಪದ ಹುಡುಕುವುದೇ ಬೇಡ. ‘ತಡಿಕೆ’ ಇದೆಯಲ್ಲ. ಬಿದಿರಿನ ಚೌಕಟ್ಟಿನ ಮರೆಗೆ ನಮ್ಮ ಹಿರಿಯರು ಇಟ್ಟ ಹೆಸರು. ತಟ್ಟಿ ಅಂತಲೂ ಅನ್ನುತ್ತೇವೆ. ಎರಡೂ ತಡೆ ಎನ್ನುವುದರ ಬಳಗ.

ಈಗ ಜಪಾನಿ ಪದವನ್ನು ನೋಡಿ. ಶೋಜಿಯನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದರ ಅರ್ಥವೇ ತಡೆ, ಅಡ್ಡಿ. ಎರಡನೆಯದು ಬರೀ ಪ್ರತ್ಯಯ. ಕುರ್ಚಿಗೆ ಅವರು ‘ಇಸು’ ಅನ್ನುತ್ತಾರೆ, ಟೋಪಿಗೆ ‘ಬೋಶಿ’. ಅಲ್ಲೆಲ್ಲ ಇರುವುದು ಇದೇ ಕೊನೆಯ ಅಕ್ಷರ. ಅಂದರೆ ‘ತಡೆ’ಗೆ ನಾವು ‘ಕೆ’ ಹಚ್ಚಿದೆವು, ಅವರು ‘ಜಿ’ ಹಚ್ಚಿದರು. ಇಷ್ಟು ಸರಿಯಾಗಿ ಕೂಡುವ ಪದ ಬೇರೆ ಯಾವ ಭಾಷೆಯಲ್ಲಿ ಸಿಕ್ಕೀತು?

ಇನ್ನೊಂದು ಮಾತು. ಹಿಂದೆ ಜಪಾನಿನಲ್ಲೂ ಶೋಜಿ ಎಂದರೆ ಎಲ್ಲ ಬಗೆಯ ಮರೆಗೂ ಹೆಸರು. ಬೆಳಕು ಬಿಡುವಂಥದ್ದನ್ನು ‘ಅಕರಿ ಶೋಜಿ’ ಎಂದು ಬೇರೆಯಾಗಿ ಕರೆಯುತ್ತಿದ್ದರು. ಅಕರಿ ಅಂದರೆ ಬೆಳಕು. ಆಮೇಲೆ ಅಕರಿ ಉದುರಿಹೋಯಿತು, ಶೋಜಿ ಒಂದೇ ಉಳಿಯಿತು. ತಡಿಕೆಗೂ ಹೀಗೆ ಹೊಸ ಅರ್ಥ ಬರಲಿ. ಬಳಸಿದರೆ ಬರುತ್ತದೆ.

ಬೆಂಗಳೂರಿನಿಂದ:

ತಡಿಕೆ ಒಪ್ಪಿದೆ. ಬರೀ ತಡಿಕೆ ಸಾಲದು, ‘ಬೆಳಕುದಡಿಕೆ’ ಅನ್ನಿ. ಮೇಲಿನ ಅಕರಿ ಶೋಜಿಗೂ ಸರಿಹೊಂದುತ್ತದೆ. ‘ಕಾಗದ’ ಪಾರಸಿಯಿಂದ ಬಂದದ್ದು, ಬೇಡ. ‘ಹಾಳೆ’ ಇದೆ. ‘ಗೋಂದು’ ಬೇಡ, ‘ಅಂಟು’ ಇದೆ. ‘ಪರದೆ’ಯ ಹತ್ತಿರವೂ ಹೋಗಬೇಡಿ. ಮನೆಯಲ್ಲಿ ಇರುವುದನ್ನು ಬಿಟ್ಟು ಎರವಲು ತರುವುದು ನಮಗೆ ಚಟವಾಗಿದೆ.

ಹಾಸನದಿಂದ:

‘ಜಾಲಂಧ್ರ’ ಯಾಕಾಗಬಾರದು? ಬೇಲೂರಿನ ಗುಡಿಯ ನವರಂಗದ ಸುತ್ತ ಇರುವುದು ಅದೇ ಅಲ್ವಾ? ಬೆಳಕು ಬರುತ್ತದೆ, ಮರೆಯೂ ಆಗುತ್ತದೆ.

ಮೈಸೂರಿನಿಂದ:

ಹಾಸನದವರಿಗೆ: ಅದು ಕಲ್ಲು. ತೂತಿನಿಂದ ಬೆಳಕು ಬರುತ್ತದೆ. ಶೋಜಿಯಲ್ಲಿ ತೂತು ಬಿದ್ದರೆ ಅದೇ ರಿಪೇರಿ. ಆಗದು.

ಬೆಂಗಳೂರಿನವರಿಗೆ: ‘ಬೆಳಕುದಡಿಕೆ’ ಖಂಡಿತ ಬೇಡ. ಸಮಾಸ ಬಿಡಿಸಿ. ‘ಬೆಳಕನ್ನು ತಡೆಯುವುದು’ ಅಂತಲೇ ಮೊದಲು ಹೊಳೆಯುವುದು. ವಸ್ತುವಿನ ಕೆಲಸಕ್ಕೆ ನೇರ ಉಲ್ಟಾ. ಆದೇಶ ಸಂಧಿ ಸರಿಯಾಗಿದ್ದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ.

‘ಹಾಳೆ’ಯೂ ಇಲ್ಲಿ ಕೂಡುವುದಿಲ್ಲ. ಹಾಳೆ ಅಂದರೆ ಕತ್ತರಿಸಿದ ಒಂದು ತುಂಡು, ಪುಸ್ತಕದ್ದೋ ನೋಟ್‌ಬುಕ್ಕಿನದೋ. ಇವರಿಗೆ ಬೇಕಿರುವುದು ಸುರುಳಿಯಲ್ಲಿ ಬರುವ ಸರಕು. ಸುರುಳಿ ಹಾಳೆ ಅನ್ನುತ್ತೀರಾ? ಕನ್ನಡದಲ್ಲಿ ಕಾಗದ ಸರಕಿನ ಹೆಸರು, ಹಾಳೆ ತುಂಡಿನ ಹೆಸರು. ಎರಡೂ ಬೇಕು. ಪಾರಸಿಯದು ಅಂತ ಒಂದನ್ನು ಹೊರಗೆ ಹಾಕಿದರೆ ಈ ವ್ಯತ್ಯಾಸವೂ ಅದರ ಜೊತೆ ಹೋಗುತ್ತದೆ. ನಷ್ಟ ಕನ್ನಡಕ್ಕೆ.

ತಡಿಕೆಯ ವಿಷಯಕ್ಕೆ ಬರೋಣ. ಧಾರವಾಡದ ಸರ್ ಕೊಟ್ಟ ವ್ಯುತ್ಪತ್ತಿ ಚೆನ್ನಾಗಿದೆ. ಆದರೆ ಕೈಪಿಡಿ ಓದುವವರು ಯಾರು? ಆ ವಸ್ತು ಅವರ ಮನೆಯಲ್ಲೇ ಇದೆ. ಮನೆ ಮಾಲೀಕರ ಬಾಯಲ್ಲಿ ಅದರ ಹೆಸರು ಶೋಜಿ. ಕಾಗದದ ಕಟ್ಟಿನ ಮೇಲೆ ಇರುವುದೂ ಅದೇ. ಅಂಗಡಿಯಲ್ಲಿ ನಿಂತು ಕೇಳಬೇಕಾದ ಹೆಸರೂ ಅದೇ. ಕೈಪಿಡಿಯಲ್ಲಿ ತಡಿಕೆ ಎಂದು ಓದಿದವರು ಅಂಗಡಿಯವರ ಮುಂದೆ ಏನು ಹೇಳಬೇಕು? ವಸ್ತುವಿನ ಹೆಸರು ಹಾಗೇ ಇರಲಿ. ಕೆಲಸದ ಮಾತುಗಳು ಮಾತ್ರ ನಮ್ಮ ಅಡುಗೆಮನೆ, ಜಗಲಿಯ ಕನ್ನಡವಾಗಿರಲಿ. ಓದಿದ ಕೂಡಲೇ ಕೈ ಓಡಬೇಕು.

ಎರವಲು ಚಟ ಅನ್ನುವವರು ಮನೆಯಿಂದ ರಿಕ್ಷಾ ಹತ್ತಿ ಹೋಗುತ್ತಾರಲ್ಲ, ಆ ಪದ ಜಪಾನಿಯ ‘ಜಿನ್‌ರಿಕಿಶಾ’ದ ಬಾಲ. ಅದಕ್ಕೆ ಯಾರೂ ಅಚ್ಚಗನ್ನಡ ಕೇಳಿಲ್ಲ.

ಉಡುಪಿಯಿಂದ:

ನಾನು ಕ್ರಿಯಾಪದದ ಬಗ್ಗೆ ಹೇಳುತ್ತೇನೆ. ಎಲ್ಲರೂ ನಾಮಪದಕ್ಕೆ ಜಗಳವಾಡುತ್ತಿದ್ದೀರಿ, ತಪ್ಪು ಕೆಲಸ ಆಗುವುದು ಕ್ರಿಯಾಪದದಿಂದ.

ನೀವು ‘ಹಳೆಯ ಕಾಗದ ನೆನೆಸಿ’ ಅಂತ ಬರೆಯುವುದಾದರೆ ಬೇಡ ಮೇಡಂ. ನೆನೆಸು ಅಂದರೆ ನಮ್ಮವರು ಅಕ್ಕಿ ನೆನೆಸಿದ ಹಾಗೆ ಇಡೀ ಬಾಗಿಲನ್ನೇ ಬಾತ್‌ರೂಮಿಗೆ ಒಯ್ಯುತ್ತಾರೆ. ನೀರು ಬೇಕಿರುವುದು ಅಂಟು ಇರುವ ಗೆರೆಗೆ ಮಾತ್ರ, ಅಲ್ವಾ? ಹಾಗಾದರೆ ‘ಪಟ್ಟಿಗಳ ಉದ್ದಕ್ಕೂ ಸ್ಪಂಜಿನಿಂದ ನೀರು ಹಚ್ಚಿ’. ಆಮೇಲೆ ‘ಐದು ಹತ್ತು ನಿಮಿಷ ಬಿಡಿ’. ಆಮೇಲೆ ‘ಎಬ್ಬಿಸಿ’. ಕೀಳಿ, ಹರಿಯಿರಿ ಎಂದರೆ ಜನ ಎಳೆದೇ ಎಳೆಯುತ್ತಾರೆ, ಪಟ್ಟಿಯ ಮೇಲೆ ಚೂರು ಚೂರು ಉಳಿಯುತ್ತದೆ. ಎಬ್ಬಿಸು ಅಂದರೆ ತುದಿಯಿಂದ ಮೆಲ್ಲಗೆ ಅನ್ನುವುದು ಅದರಲ್ಲೇ ಬಂತು.

ಕೊನೆಗೆ ಹೊಸ ಕಾಗದದ ಮೇಲೆ ನೀರು ‘ಚಿಮುಕಿಸಿ’. ‘ಹಾಕಿ’ ಅಲ್ಲ, ‘ಸುರಿಯಿರಿ’ ಅಲ್ಲ.

ಪಟ್ಟಿಗೆ ಬಡಗಿಗಳ ‘ರೀಪು’ ನೆನಪಾಯಿತು. ಆದರೆ ಅದು ಹಂಚಿನ ಮಾಡಿನದು, ದಪ್ಪ. ಕುಮಿಕೊ ತೆಳ್ಳಗೆ ಇರುವುದರಿಂದ ‘ಪಟ್ಟಿ’ಯೇ ಸಾಕು. ಇಡೀ ಕೆಲಸಕ್ಕೆ ‘ಮುಚ್ಚಿಗೆ ಹಾಕು’ ಅಂದರೆ ಹೇಗೆ? ಮದ್ದಳೆಗೆ ಹೊಸ ಚರ್ಮ ಬಿಗಿಯುವುದಕ್ಕೆ ಹಾಗೆನ್ನುತ್ತೇವೆ. ಇಲ್ಲೂ ಬಿಗಿ ಬರಬೇಕು, ಇಲ್ಲೂ ಹಳೆಯದು ತೆಗೆದು ಹೊಸದು.

ಧಾರವಾಡದಿಂದ:

ಮುಚ್ಚಿಗೆ ಆಗದು. ಮರದ ಹಲಗೆಯ ಚಾವಣಿಗೂ ಮುಚ್ಚಿಗೆ ಅನ್ನುತ್ತಾರೆ. ಗೊಂದಲ.

ಮೈಸೂರಿನವರು ನನ್ನ ಮಾತನ್ನು ‘ಚೆನ್ನಾಗಿದೆ’ ಎಂದು ಸವರಿ ಪಕ್ಕಕ್ಕಿಟ್ಟರು. ಅವರಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಜಪಾನಿಯಲ್ಲಿ ಕಾಗದಕ್ಕೆ ‘ಕಮಿ’. ಶೋಜಿಯ ಮುಂದೆ ಬಂದರೆ ಅದು ‘ಶೋಜಿಗಮಿ’ ಆಗುತ್ತದೆ. ಕಕಾರಕ್ಕೆ ಗಕಾರ! ಮಳೆಗಾಲ, ಹೊಸಗನ್ನಡ. ನಮ್ಮ ಆದೇಶ ಸಂಧಿಯೇ ಅಲ್ಲವೇ? ಜಪಾನಿಗೂ ತಮಿಳಿಗೂ ನಂಟಿದೆ ಎಂದು ಸುಸುಮು ಓನೊ ಎಂಬ ಜಪಾನಿ ಪಂಡಿತರೇ ವರ್ಷಗಟ್ಟಲೆ ವಾದಿಸಿದ್ದರು. ನಂಟಿರುವ ಭಾಷೆಯ ಪದಕ್ಕೆ ನಮ್ಮ ಧಾತುವಿನಲ್ಲಿ ಪದ ಸಿಗುವುದರಲ್ಲಿ ಆಶ್ಚರ್ಯವಿಲ್ಲ.

ಓಸಾಕಾದಿಂದ:

ಸರ್, ಕ್ಷಮಿಸಿ, ಇದನ್ನು ಹೀಗೇ ಬಿಡಲು ಆಗುವುದಿಲ್ಲ. ಶೋಜಿ ಜಪಾನಿಯ ಬೇರುಪದವೇ ಅಲ್ಲ. ಚೀನೀ ಅಕ್ಷರಗಳು, ಚೀನೀ ಮೂಲದ ಉಚ್ಚಾರಣೆ. ಅದನ್ನು ಹಿಡಿದು ದ್ರಾವಿಡ ನಂಟು ಹೇಳಲಾಗದು. ಓನೊ ಅವರ ವಾದವನ್ನು ಹೆಚ್ಚಿನ ಭಾಷಾ ವಿಜ್ಞಾನಿಗಳು ಒಪ್ಪಿಲ್ಲ. ಎರಡು ಸ್ವರಗಳ ನಡುವೆ ಕ ಗ ಆಗುವುದು ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿ ಇದೆ.

ಬರಹದ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಅದು ಮುಖ್ಯ. ‘ಶೋಜಿ’ ಎಂದೇ ಬರೆಯಿರಿ, ದೀರ್ಘ ಓ. ‘ಶೊಜಿ’ ಎಂದು ಹ್ರಸ್ವ ಮಾಡಿದರೆ ಜಪಾನಿಯಲ್ಲಿ ಬೇರೆ ಪದ, ವಸ್ತು ಕೈಯಲ್ಲಿರುವುದು, ಸ್ವಾಧೀನ ಎಂಬ ಅರ್ಥ. ‘ಸೋಜಿ’ ಎಂದರೆ ಮನೆ ಗುಡಿಸಿ ಒರೆಸುವ ಕೆಲಸ. ನಮ್ಮಲ್ಲಿ ಅನೇಕರು ಶ-ಸ ಬೆರೆಸುತ್ತಾರೆ. ವರ್ಷದ ಕೊನೆಗೆ ಶೋಜಿಯೂ ಸೋಜಿಯೂ ಒಟ್ಟಿಗೇ ನಡೆಯುವುದರಿಂದ ಅಂಗಡಿಯಲ್ಲಿ ನಿಜಕ್ಕೂ ಗಲಿಬಿಲಿ ಆಗುತ್ತದೆ. ಕಾಗದ ಕೇಳಿದರೆ ನೆಲ ಒರೆಸುವ ಬಟ್ಟೆ ತೋರಿಸಬಹುದು. ಇಂಗ್ಲಿಷ್ ಅಕ್ಷರದಲ್ಲಿ ಓದಿದವರಿಗೆ ಈ ಹ್ರಸ್ವ ದೀರ್ಘ ಗೊತ್ತಾಗುವುದೇ ಇಲ್ಲ. ಕನ್ನಡ ಲಿಪಿಯಲ್ಲಿ ಚೆನ್ನಾಗಿ ಬರುತ್ತದೆ, ಬಳಸಿಕೊಳ್ಳಿ. ಷ ಬೇಡ. ಅದು ನಾಲಿಗೆ ಮಡಿಸಿ ಹೇಳುವುದು, ಜಪಾನಿ ಧ್ವನಿ ನಮ್ಮ ಶಕಾರಕ್ಕೇ ಹತ್ತಿರ.

ಅಳತೆಗಳನ್ನೂ ಹಾಕಿ. ಇಡೀ ಬಾಗಿಲಿಗೆ ಒಂದೇ ತುಂಡು ಅಂಟಿಸುವ ಕಾಗದ ಸಾಮಾನ್ಯವಾಗಿ 94 ಸೆಂಟಿಮೀಟರ್ ಅಗಲ. 7.2 ಮೀಟರಿನ ಸುರುಳಿ ತಂದರೆ ನಾಲ್ಕು ಬಾಗಿಲಿಗೆ ಸಾಕು. ಹಳೆಯ ಪದ್ಧತಿಯ ಕಿರಿದು ಸುರುಳಿಗಳೂ ಇವೆ. ಸುಮಾರು 25 ಸೆಂಟಿಮೀಟರಿನದಕ್ಕೆ ಹನ್‌ಶಿ, 28ರದಕ್ಕೆ ಮಿನೊ ಎಂಬ ಹೆಸರು. ಎರಡನೆಯದು ಗಿಫು ಪ್ರಾಂತ್ಯದ ಮಿನೊದಿಂದ ಬಂತು. ಅಲ್ಲಿಯ ಕೈಕಾಗದದ ಕಸುಬು 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಕಿರಿದು ಸುರುಳಿಯಾದರೆ ಕೆಳಗಿನಿಂದ ಮೇಲಕ್ಕೆ ಅಂಟಿಸುತ್ತಾ ಹೋಗಬೇಕು. ಆಗ ಮೇಲಿನದರ ಅಂಚು ಕೆಳಗಿನದರ ಮೇಲೆ ಕೂರುತ್ತದೆ, ಸಂದಿನಲ್ಲಿ ಧೂಳು ನಿಲ್ಲುವುದಿಲ್ಲ. ಮೊದಲ ಸಲ ಮಾಡುವವರು ಒಂದೇ ತುಂಡಿನದನ್ನೇ ತರಲಿ.

ಬೆಂಗಳೂರಿನಿಂದ:

ರಿಕ್ಷಾ ಬಂದು ಎಷ್ಟೋ ಕಾಲವಾಯಿತು, ಅದನ್ನು ಕಿತ್ತು ಹಾಕಿ ಎಂದು ನಾನು ಹೇಳಿಲ್ಲ. ಇವತ್ತು ಹೊಸದಾಗಿ ಬರೆಯುವಾಗಲಾದರೂ ನಮ್ಮ ಪದ ಹುಡುಕಿ ಎಂದೆ. ಇಲ್ಲಿ ಒಬ್ಬರೂ ಒಂದು ಪದ ಕಟ್ಟಲಿಲ್ಲ, ಕಟ್ಟಿದ್ದನ್ನು ಕೆಡವಿದಿರಿ ಅಷ್ಟೇ. ಷ ಬೇಡ ಎನ್ನುವುದಕ್ಕೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ.

ಮೈಸೂರಿನಿಂದ:

ಕಟ್ಟಿದ ಪದ ನಿಲ್ಲದಿದ್ದರೆ ಕೆಡವಲೇಬೇಕು. ಉಡುಪಿ ಮೇಡಂ ಕೊಟ್ಟ ‘ಎಬ್ಬಿಸು’, ‘ಚಿಮುಕಿಸು’ ಎರವಲೇ? ಈ ಚರ್ಚೆಯಲ್ಲಿ ಕನ್ನಡಕ್ಕೆ ಆದ ಕೆಲಸ ಅದೊಂದೇ.

ಟೋಕಿಯೊದಿಂದ:

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಹೋಗುವುದು ಹೀಗೆ. ವಸ್ತುವಿಗೆ ‘ಶೋಜಿ’, ಮೊದಲ ಸಲ ಬಂದಾಗ ಪಕ್ಕದಲ್ಲಿ ‘ಬೆಳಕು ಬಿಡುವ ಕಾಗದದ ಸರಿಬಾಗಿಲು’ ಎಂಬ ವಿವರಣೆ. ಫುಸುಮಕ್ಕೆ ಅದೇ ಹೆಸರು, ‘ಇದಕ್ಕೆ ನೀರು ಹಚ್ಚಲೇಬೇಡಿ’ ಎಂಬ ಸೂಚನೆಯ ಜೊತೆ. ಕುಮಿಕೊಗೆ ‘ಪಟ್ಟಿ’, ನೊರಿಗೆ ‘ಅಂಟು’. ಇಡೀ ಕೆಲಸಕ್ಕೆ ‘ಹೊಸ ಕಾಗದ ಬಿಗಿಯುವುದು’. ಧಾರವಾಡದ ಸರ್, ತಡಿಕೆಯ ಮಾತು ನನಗೆ ತುಂಬಾ ಹಿಡಿಸಿತು. ಕೈಪಿಡಿಯಲ್ಲಿ ಜಾಗವಿಲ್ಲ, ಬೇರೆ ಲೇಖನಕ್ಕೆ ಇಟ್ಟುಕೊಳ್ಳುತ್ತೇನೆ.

ಮುಖ್ಯ ಭಾಗ ಕೆಳಗಿದೆ. ಕಣ್ಣಿಗೆ ಬಿದ್ದ ದೋಷ ನಾಳೆ ಸಂಜೆಯೊಳಗೆ ತಿಳಿಸಿ.

‘ಶೋಜಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಬಾಗಿಲು ಸರಿಯುವ ಮೇಲಿನ ಗಾಡಿ ಆಳವಾಗಿರುತ್ತದೆ, ಕೆಳಗಿನದು ಕಡಿಮೆ. ಎತ್ತಿದರೆ ಬುಡ ತಾನಾಗಿ ಬಿಡುತ್ತದೆ. ಕಾಗದ ಇರುವ ಬದಿ ಮೇಲೆ ಬರುವಂತೆ ಮಲಗಿಸಿ. ಪಟ್ಟಿಗಳ ಉದ್ದಕ್ಕೂ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತುದಿಯಿಂದ ಎಬ್ಬಿಸಿ. ಹಳೆಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮರವನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಸುರುಳಿಯ ತುದಿಯನ್ನು ಟೇಪಿನಿಂದ ಚೌಕಟ್ಟಿಗೆ ಹಿಡಿಸಿ, ಆಮೇಲೆ ಪಟ್ಟಿಗಳಿಗೆ ಅಂಟು ಹಚ್ಚಿ, ಸುರುಳಿಯನ್ನು ಉರುಳಿಸುತ್ತಾ ಕಾಗದ ಹಾಸಿ ಕೈಯಿಂದ ಒತ್ತಿ. ಅಂಟು ಒಣಗುತ್ತಾ ಬಂದಾಗ ಸ್ಕೇಲು ಇಟ್ಟು ಕಟ್ಟರಿನಿಂದ ಅಂಚು ಕತ್ತರಿಸಿ. ಪೂರ್ತಿ ಒಣಗಿದ ಮೇಲೆ ನೀರು ಚಿಮುಕಿಸಿ. ಮತ್ತೆ ಒಣಗುವಾಗ ಸುಕ್ಕು ಹೋಗಿ ಕಾಗದ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ಬೆರೆತ ಕಾಗದಕ್ಕೂ ಇಸ್ತ್ರಿಯಿಂದ ಅಂಟಿಸುವ ಕಾಗದಕ್ಕೂ ನೀರು ಚಿಮುಕಿಸಬೇಡಿ.’

ಉಡುಪಿಯಿಂದ:

‘ಗಾಡಿ’ ಅಂದರೆ ಎಲ್ಲರೂ ವಾಹನ ಅಂದುಕೊಳ್ಳುತ್ತಾರೆ. ‘ಕೊರಕಲು’ ಮಾಡಿ. ಕಟ್ಟರಿಗೆ ಹೊಸ ಬ್ಲೇಡು ಹಾಕಿಕೊಳ್ಳಿ ಅಂತಲೂ ಸೇರಿಸಿ, ಮೊಂಡಾಗಿದ್ದರೆ ಒದ್ದೆ ಕಾಗದ ಎಳೆದು ಹರಿಯುತ್ತದೆ. ಉಳಿದದ್ದು ಸರಿಯಿದೆ.