ಮುಚ್ಚಿದ ದಾಲ್ ಮಿಲ್ಲಿನ ಉದ್ರಿ ಬಾಕಿಗೆ ಗುಮಾಸ್ತ ಹೊಣೆಯೇ?

ಲೆಕ್ಕದವನು, ಕಲಬುರಗಿ:
ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಬಳದ ಆಳು, ಪಾಲುದಾರನಲ್ಲ. ಬೇಳೆ ತುಂಬುವ ಚೀಲಗಳನ್ನು ಗಂಜಿನ (ಸಗಟು ಮಾರುಕಟ್ಟೆಯ) ಬಾರದಾನ ವ್ಯಾಪಾರಿಯೊಬ್ಬರಿಂದ ಉದ್ರಿ ತರಿಸುತ್ತಿದ್ದೆವು. ಫೋನ್ ಮಾಡುವವನು ನಾನು, ಮಾಲು ಇಳಿದಾಗ ಚೀಟಿಗೆ ಸಹಿ ಹಾಕುವವನೂ ನಾನೇ. ಕಳೆದ ವರ್ಷ ಸಾಹುಕಾರರು ಮಿಲ್ಲಿಗೆ ಬೀಗ ಹಾಕಿದರು. ಈಗ ಯಾರ ಫೋನನ್ನೂ ಎತ್ತುವುದಿಲ್ಲ. ನನ್ನ ಎರಡು ತಿಂಗಳ ಸಂಬಳವೂ ಅಲ್ಲೇ ಮುಳುಗಿದೆ.

ಬಾರದಾನದವರು ಈಗ ನನ್ನ ಬೆನ್ನು ಹತ್ತಿದ್ದಾರೆ. ‘ನಿನ್ನ ಮುಖ ನೋಡಿ ಮಾಲು ಕೊಟ್ಟೆ, ನೀನೇ ಕೊಡು’ ಎನ್ನುತ್ತಾರೆ. ವಕೀಲರ ನೋಟಿಸೂ ಬಂದಿದೆ: 3,40,000 ರೂಪಾಯಿ, 15 ದಿನ ಗಡುವು. ಜೊತೆಗೆ ಚೀಟಿಗಳ ಜೆರಾಕ್ಸ್. ಪ್ರತಿಯೊಂದರಲ್ಲೂ ಮಿಲ್ಲಿನ ಮೊಹರಿದೆ, ಅದರ ಕೆಳಗೆ ನನ್ನ ಸಹಿ. ಮೊಹರನ್ನು ಬಿಟ್ಟು ಸಹಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ! ಈಗಿನ ಕೆಲಸದ ಜಾಗಕ್ಕೂ ಬಂದು ಕೂರುತ್ತಾರಂತೆ. ಕಾನೂನಿನ ಪ್ರಕಾರ ನಾನು ಕೊಡಬೇಕೇ?

ಕಪ್ಪು ಕೋಟು:
ಅವರು ಸುತ್ತು ಹಾಕದೆ ಬಿಟ್ಟ ಮೊಹರೇ ನಿಮ್ಮನ್ನು ಕಾಯುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 230ನೇ ಕಲಂ ನೋಡಿ. ಧಣಿಯ ಪರವಾಗಿ ವ್ಯವಹಾರ ಮಾಡಿದವನು, ಬೇರೆ ಕರಾರು ಇಲ್ಲದಿದ್ದರೆ, ಅದಕ್ಕೆ ಸ್ವಂತವಾಗಿ ಹೊಣೆಯಾಗುವುದಿಲ್ಲ. ಯಾರ ಪರವಾಗಿ ಎಂಬುದನ್ನು ಮುಚ್ಚಿಟ್ಟಿದ್ದರೆ ಮಾತು ಬೇರೆ. ಬಿಲ್ಲುಗಳು ಯಾರ ಹೆಸರಿನಲ್ಲಿವೆ? ಮಿಲ್ಲಿನ ಜಿಎಸ್‌ಟಿ ಸಂಖ್ಯೆ ಇದ್ದು, ಹಿಂದಿನ ಹಣ ಮಿಲ್ಲಿನ ಖಾತೆಯಿಂದಲೇ ಹೋಗಿದ್ದರೆ, ಧಣಿ ಯಾರೆಂದು ಗೊತ್ತಿರಲಿಲ್ಲ ಎನ್ನಲು ಅವರಿಗೆ ಬಾಯಿಲ್ಲ. ಆದರೂ ನೋಟಿಸಿಗೆ ಉತ್ತರ ಕೊಡದೆ ಕೂರಬೇಡಿ. ಖರ್ಚು ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಅಡತಿ ಅಂಗಡಿ:
ನಾನು ಉದ್ರಿ ಕೊಟ್ಟು ಕೈ ಸುಟ್ಟುಕೊಂಡವನು, ಆದ್ದರಿಂದ ಬಾರದಾನದವರ ಸಂಕಟವೂ ಅರ್ಥವಾಗುತ್ತದೆ. ನೇರವಾಗಿ ಕೇಳುತ್ತೇನೆ: ‘ಅವರು ಕೊಡದಿದ್ದರೆ ನಾನಿದ್ದೇನೆ’ ಎಂದು ಯಾವತ್ತಾದರೂ ಹೇಳಿದ್ದೀರಾ? ಗಂಜಿನಲ್ಲಿ ಆ ಮಾತಿಗೆ ಬೆಲೆಯಿದೆ, ಕಾಯ್ದೆಯಲ್ಲೂ ಇದೆ. 126ನೇ ಕಲಂ ಪ್ರಕಾರ ಜಾಮೀನು ಬಾಯಿಮಾತಿನದ್ದೂ ಆಗಬಹುದು. ವಾಟ್ಸಾಪ್ ತೆಗೆದು ನೋಡಿಕೊಳ್ಳಿ. ‘ಸೋಮವಾರ ಸಾಹುಕಾರರಿಂದ ಹಾಕಿಸುತ್ತೇನೆ’ ಎಂಬುದು ಗುಮಾಸ್ತನ ಮಾತು. ‘ನಾನು ಕೊಡುತ್ತೇನೆ’ ಎಂದಿದ್ದರೆ ತಲೆನೋವು. ಕಾಟ ತಪ್ಪಲಿ ಎಂದು ಐದು ಸಾವಿರ ಕೊಟ್ಟು ಕಳಿಸುವ ಯೋಚನೆಯಿದ್ದರೆ ಬಿಡಿ. ಅದನ್ನು ನಾವು ವ್ಯಾಪಾರಿಗಳು ಮೊದಲ ಕಂತು ಎಂದೇ ಖಾತೆಯಲ್ಲಿ ಬರೆದುಕೊಳ್ಳುತ್ತೇವೆ.

ಲೆಕ್ಕದವನು, ಕಲಬುರಗಿ:
ಹಾಗೆಂದೂ ಹೇಳಿಲ್ಲ, ಬರೆದಿಲ್ಲ. ಬಿಲ್ಲುಗಳೆಲ್ಲ ಮಿಲ್ಲಿನ ಹೆಸರಿನಲ್ಲೇ ಇವೆ. ಆದರೆ ಮಿಲ್ಲಿನ ಒಂದು ಚೆಕ್ ಬೌನ್ಸ್ ಆಗಿದೆ ಎಂದೂ ನೋಟಿಸಿನಲ್ಲಿದೆ. ಸಹಿ ಸಾಹುಕಾರರದು, ಮೊತ್ತ ಮತ್ತು ತಾರೀಖು ಬರೆದ ಅಕ್ಷರ ನನ್ನದು. ಮಿಲ್ ಅವರೊಬ್ಬರದೇ.

ಕಪ್ಪು ಕೋಟು:
ಖಾತೆ ಅವರದು, ಸಹಿ ಅವರದು. ಚೆಕ್ ಬೌನ್ಸಿಗೆ ಅನ್ವಯಿಸುವ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕರಣವೂ ಅವರ ಮೇಲೆಯೇ. ಅಕ್ಷರ ಬರೆದ ಮಾತ್ರಕ್ಕೆ ನೀವು ಚೆಕ್ ಕೊಟ್ಟವರಾಗುವುದಿಲ್ಲ. ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ 141ನೇ ಕಲಂ ವ್ಯವಹಾರದ ಉಸ್ತುವಾರಿ ಹೊತ್ತವರನ್ನೂ ಎಳೆಯುತ್ತದೆ. ಒಬ್ಬರದೇ ಮಾಲೀಕತ್ವವಾದ್ದರಿಂದ ಆ ಪ್ರಶ್ನೆಯೂ ಇಲ್ಲ. ಆ 15 ದಿನದ ಗಡುವು ಚೆಕ್ ಕೊಟ್ಟವರಿಗೆ ಕಾಯ್ದೆ ಕೊಡುವ ಅವಕಾಶ. ನಿಮ್ಮನ್ನು ಹೆದರಿಸಲು ಎರಡನ್ನೂ ಕಲಸಿದ್ದಾರೆ. ಉತ್ತರದಲ್ಲಿ ಮಾಲೀಕರ ಹೆಸರು, ವಿಳಾಸ ತಿಳಿಸಿ, ಸಂಬಳ ಜಮೆಯಾದ ಪಾಸ್‌ಬುಕ್ ಪುಟದ ಪ್ರತಿ ಲಗತ್ತಿಸಿ. ನಿಮ್ಮ ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆಗೆ ಬೇರೆಯೇ ಅರ್ಜಿ ಹಾಕಿ.

ಅಡತಿ ಅಂಗಡಿ:
ಬಾರದಾನದವರಿಗೂ ಒಂದು ಮಾತು ಮುಟ್ಟಿಸಿ. ಉದ್ರಿ ಮಾಲಿನ ಹಣಕ್ಕೆ ದಾವೆ ಹೂಡಲು ಇರುವುದು 3 ವರ್ಷ. ನಿಮ್ಮ ಮನೆ ಬಾಗಿಲು ಬಡಿಯುತ್ತ ಅದನ್ನು ಕಳೆಯುವ ಬದಲು, ಮಿಲ್ಲಿನ ಯಂತ್ರಗಳು ಮಾರಾಟವಾಗುವ ಮೊದಲು ಸಾಹುಕಾರರ ಮೇಲೆ ಹೋಗಲಿ.